ತೋಟದ ಚರಿತ್ರೆಯೋ, ಒಡೆಯನ ಚರಿತ್ರೆಯೋ?

1850ರ ದಶಕದಲ್ಲಿ ಮಂಜರಾಬಾದಿನ ಕಾಡಿನಲ್ಲಿ ಕಾಫಿತೋಟ ಹೂಡಿದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲಿಯೂ 1894ರಲ್ಲಿಯೂ ಗ್ರಂಥರೂಪಕ್ಕೆ ತಂದನು. ಮೈಸೂರಿನ ಕಾಫಿಯ ಚರಿತ್ರೆಗೆ ಇವು ಮುಖ್ಯ ಆಕರಗಳು. ನೆರಳಿನ ಮರಗಳ ಆಯ್ಕೆ, ಗೊಬ್ಬರ, ಕಾಂಡಕೊರಕ ಹುಳುವಿನ ಹಾವಳಿ, 'ಚಿಕ್' ತಳಿ ನಶಿಸಿದಾಗ ಕೊಡಗಿನ ತಳಿಯನ್ನು ತಂದು ನೆಟ್ಟುದು ಇವುಗಳ ನಿರೂಪಣೆಯಲ್ಲಿ ಅವನ ನಿಷ್ಕೃಷ್ಟತೆ ಮೆಚ್ಚತಕ್ಕದ್ದೇ. ಪ್ರಜಾಪ್ರತಿನಿಧಿ ಸಭೆ, ಜಾತಿಪದ್ಧತಿಗಳಿಗೂ ಅವನು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಆದರೆ ಮುಂಗಡದ ಋಣ ಹೊತ್ತು, ಮೇಸ್ತ್ರಿಯ ಹಿಂದೆ ಘಟ್ಟವೇರಿ ಬಂದ ಆಳುಗಳು ಅಲ್ಲಿ ಒಡೆಯನ ಕಣ್ಣಿಗೆ ಕಂಡಷ್ಟೇ ಕಾಣುತ್ತಾರೆ. ಆದುದರಿಂದ ಈ ಗ್ರಂಥಗಳು ಕೃಷಿಗೆ ಪ್ರಮಾಣ. ದುಡಿಮೆಗೆ ಒಂದು ಕಕ್ಷಿಯ ಹೇಳಿಕೆ ಮಾತ್ರ. ಮತ್ತೊಂದು ಕಕ್ಷಿಯ ಹೇಳಿಕೆಯನ್ನು ಸಂಶೋಧಕನು ತೋಟಗಳ ಮುಂಗಡದ ಲೆಕ್ಕಪುಸ್ತಕಗಳಲ್ಲಿ, ಘಟ್ಟದ ಕೆಳಗಣ ಮನೆಗಳ ನೆನಪಿನಲ್ಲಿ ಅರಸಬೇಕು. ಅದು ಕೂಡುವವರೆಗೆ ಎಲಿಯಟನದು ಒಡೆಯನ ಚರಿತ್ರೆ; ತೋಟದ ಚರಿತ್ರೆಯಲ್ಲ.