ಅತ್ತರಿನ ಅರ್ಧ ಹೊಗಳಿಕೆ

ಕನೌಜಿನ ಅತ್ತರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಾಮ್ರದ ಹಂಡೆಯನ್ನು ಹೊಗಳಿ ಮುಗಿಸಿಬಿಡುತ್ತಾರೆ. ಹೊಗಳಿಕೆ ಸುಳ್ಳಲ್ಲ, ಅರ್ಧ ಮಾತ್ರ. ಒಲೆಯ ಮೇಲಿನ ಹಂಡೆಯಷ್ಟೇ, ಪಕ್ಕದ ತೊಟ್ಟಿಯ ನೀರಲ್ಲಿ ಕೂತ ಪಾತ್ರೆಯೂ ಅತ್ತರಿನ ಗುಣವನ್ನು ತೀರ್ಮಾನಿಸುತ್ತದೆ.

ಉತ್ತರ ಪ್ರದೇಶದ ಆ ಊರಲ್ಲಿ ಹಂಡೆಗೆ ದೇಗ್ ಎನ್ನುತ್ತಾರೆ. ಹೂವು, ನೀರು ತುಂಬಿ, ಮುಚ್ಚಳದ ಸಂದಿಗೆ ಹತ್ತಿ ಬೆರೆಸಿದ ಜೇಡಿಮಣ್ಣು ಮೆತ್ತಿ ಉರಿ ಹಾಕುತ್ತಾರೆ. ಹಗ್ಗ ಸುತ್ತಿದ ಬಿದಿರಿನ ಕೊಳವೆಯಲ್ಲಿ ಹಾದ ಆವಿ ಭಪ್ಕಾ ಎಂಬ ಪಾತ್ರೆಗಿಳಿದು ತಣಿಯುತ್ತದೆ. ಥರ್ಮಾಮೀಟರಿನ ಗೊಡವೆಯಿಲ್ಲ; ಕೆಲಸಗಾರ ಕೈಯಿಂದ ಮುಟ್ಟಿ ನೋಡಿಯೇ ಉರಿ ಏರಿಸುತ್ತಾನೆ, ಇಳಿಸುತ್ತಾನೆ. ಕಾವು ಮಿತಿ ಮೀರಿದರೆ ಅತ್ತರಿಗೆ ಸೀದ ವಾಸನೆ. ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಮೊದಲ ಮಳೆಯ ಘಮ ಇಳಿಸುವ ಮಿಟ್ಟಿ ಅತ್ತರು ಈ ಕೈಚಳಕದ ಶಿಖರ.

ಹಾಗೆಂದು ಎಲ್ಲ ಹೂವಿಗೂ ಹಂಡೆ ಒಗ್ಗುವುದಿಲ್ಲ. ಗುಲಾಬಿ, ಕೇದಗೆ, ಲಾವಂಚದ ಬೇರು ಕುದಿತವನ್ನು ತಾಳುತ್ತವೆ. ಮಲ್ಲಿಗೆ ತಾಳದು, ಕಂಪು ಕೆಡುತ್ತದೆ. ಫ್ರಾನ್ಸಿನ ಗ್ರಾಸ್ ಊರಿನವರು ಮಲ್ಲಿಗೆಯನ್ನು ಕುದಿಸದೆ ತಣ್ಣನೆಯ ಕೊಬ್ಬಿನ ಮೇಲೆ ಹರಡುತ್ತಿದ್ದುದು ಇದಕ್ಕೇ. ನಮ್ಮ ದೇಶದಲ್ಲೂ ಎಳ್ಳಿನ ನಡುವೆ ಹೂವಿನ ಪದರ ಹಾಸಿ, ಘಮ ಹೀರಿದ ಎಳ್ಳನ್ನು ಗಾಣಕ್ಕೆ ಹಾಕುವ ರೂಢಿಯಿದೆ. ಮಲ್ಲಿಗೆಯ ಮಟ್ಟಿಗೆ ಹಂಡೆಗಿಂತ ಗಾಣವೇ ಜಾಣ.

ನಿಜವಾದ ತಕರಾರು ಭಪ್ಕಾದೊಳಗಿದೆ. ಸಂಪ್ರದಾಯದಂತೆ ಅಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಆವಿಯ ಜೊತೆ ಬಂದ ಹೂವಿನ ಸಾರವನ್ನು ಅದು ಹೀರುತ್ತದೆ. ನೀರು ಬಸಿದು, ಹೊಸ ಹೂವು ಹಾಕಿ, ಅದೇ ಎಣ್ಣೆಗೆ ಮತ್ತೆ ಮತ್ತೆ ಕಂಪು ಕೂಡಿಸುತ್ತಾರೆ. ಹಾರಿಹೋಗುವ ಪರಿಮಳ ಮೈಮೇಲೆ ನಿಲ್ಲುವುದು ಗಂಧದೆಣ್ಣೆಯ ಬಲದಿಂದ. ಗಂಧದ ಬೆಲೆ ಗಗನಕ್ಕೇರಿದ ಮೇಲೆ ಅನೇಕರು ಲಿಕ್ವಿಡ್ ಪ್ಯಾರಾಫಿನ್‌ಗೆ ಇಳಿದಿದ್ದಾರೆ. ಅದಕ್ಕೆ ತನ್ನದೆನ್ನುವ ಕಂಪಿಲ್ಲ. ಹೂವಿನ ಕಂಪು ಇಳಿದಂತೆ ಅಡಿಯಲ್ಲಿ ಹೊಮ್ಮಬೇಕಾದ ಗಂಧವೇ ಇಲ್ಲ. ಹಂಡೆ, ಉರಿ, ಕೈಗುಣ ಎಲ್ಲವೂ ಹಳೆಯವೇ, ಸರಕು ಬೇರೆ.

ಪ್ಯಾರಾಫಿನ್ ಬಳಸುವುದು ಅಪರಾಧವಲ್ಲ. ಗಿರಾಕಿಗೆ ಹೇಳದೆ ಸಂಪ್ರದಾಯದ ಹೆಸರಲ್ಲಿ ಮಾರುವುದು ಮಾತ್ರ ತಪ್ಪು. ಗಂಧ ದುಬಾರಿಯಾದುದರಲ್ಲಿ ನಮ್ಮ ಪಾಲೂ ಇದೆ: ಕರ್ನಾಟಕದಲ್ಲಿ 2001ರ ತಿದ್ದುಪಡಿಯವರೆಗೆ ರೈತನ ಹೊಲದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ತನ್ನದಲ್ಲದ ಮರವನ್ನು ಯಾರು ನೆಟ್ಟಾರು? ಹೊಸ ನೆಡುತೋಪುಗಳ ಚೇಗು ಬಲಿಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಶೀಶೆಯ ಮೇಲೆ ಹೂವಿನ ಹೆಸರಿನ ಪಕ್ಕದಲ್ಲೇ ಎಣ್ಣೆಯ ಹೆಸರನ್ನೂ ಬರೆಯಲಿ. ಬೆಲೆ ಸರಿಯೋ ತಪ್ಪೋ ಎಂದು ಕೊಳ್ಳುವವನು ಅಳೆಯುತ್ತಾನೆ.