ಜೋಡಿಯ ಕುದುರೆಮರಿ

ಸ್ಟೈನ್‌ಬೆಕ್ಕನ ‘ದಿ ಗಿಫ್ಟ್’ (1933) ಕಥೆಯಲ್ಲಿ, ಕ್ಯಾಲಿಫೋರ್ನಿಯದ ಹತ್ತು ವರ್ಷದ ಹುಡುಗ ಜೋಡಿ ತನ್ನ ಕುದುರೆಮರಿಯನ್ನು ಕಳೆದುಕೊಳ್ಳುತ್ತಾನೆ. ಮಳೆ ಬಾರದೆಂದು, ಕುದುರೆಗಳ ಮರ್ಮ ಬಲ್ಲ ಆಳು ಬಿಲ್ಲಿ ಬಕ್ ಕೊಟ್ಟ ಭರವಸೆ ಸುಳ್ಳಾಗುತ್ತದೆ. ನೆನೆದ ಮರಿ ಶೀತ ಹತ್ತಿ, ಗಂಟಲು ಕಟ್ಟಿ ಸಾಯುತ್ತದೆ. ಹೆಣಕ್ಕೆ ಎರಗಿದ ರಣಹದ್ದುಗಳಲ್ಲಿ ಒಂದನ್ನು ಹಿಡಿದು ಹುಡುಗ ಕಲ್ಲಿನಿಂದ ಜಜ್ಜುತ್ತಾನೆ. ಈ ಘಟ್ಟ ಅತಿಕ್ರೂರವೆನಿಸಬಹುದು. ನನಗಂತೂ ಕಥೆಯ ಜೀವವಿರುವುದೇ ಇಲ್ಲಿ. ಕರುಣರಸವೆಂದರೆ ಕಣ್ಣೀರೆಂದು ನಾವು ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಇಲ್ಲಿಯೋ, ಶೋಕ ರೌದ್ರದ ವೇಷ ತೊಟ್ಟು ಬಂದಿದೆ. ಕುದುರೆಯನ್ನು ಕೊಂದದ್ದು ಹದ್ದಲ್ಲವೆಂದು ತಂದೆ ತಿಳಿಹೇಳುತ್ತಾನೆ. ಹುಡುಗನಿಗೆ ಅದು ಗೊತ್ತು! ತಂದೆಯ ಮಾತು ದಿಟ, ಆದರೆ ಆ ಹೊತ್ತಿಗೆ ಎಷ್ಟು ಬರಡು! ಹುಡುಗನ ಸಂಕಟ ಕಾಣದೇ ಎಂದು ಅವನ ಮೇಲೆ ಸಿಡಿಯುವವನು ಬಿಲ್ಲಿ, ಮಾತು ತಪ್ಪಿದ ಅದೇ ಬಿಲ್ಲಿ.