ಆ ಟೊಪ್ಪಿಗೆಯ ಮನುಷ್ಯ ಎಲ್ಲಿ ಹೋದ?

ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ಸ್ನೇಹಿತರೊಬ್ಬರ ಮನೆಗೆ ಹೋದಾಗ ಮಕ್ಕಳೆಲ್ಲ ಟಿವಿಯ ಮುಂದೆ ಕೂತಿದ್ದರು. ನಡೆಯುತ್ತಿದ್ದುದು ‘ಮೀಟ್ ದ ರಾಬಿನ್ಸನ್ಸ್’. 2007ರಲ್ಲಿ ಡಿಸ್ನಿ ತೆರೆಗೆ ತಂದ ಅನಿಮೇಶನ್ ಚಿತ್ರ. ಇಂಗ್ಲಿಷ್ ಮಾತು ಅರ್ಧಂಬರ್ಧ ಅರ್ಥವಾಗುತ್ತಿದ್ದರೂ ಹಾಡುವ ಕಪ್ಪೆಗಳನ್ನೂ ಹಾರುವ ಬಂಡಿಯನ್ನೂ ನೋಡಿ ಮಕ್ಕಳು ನಕ್ಕದ್ದೇ ನಕ್ಕದ್ದು. ಮುಗಿದಾಗ ಹತ್ತು ವರ್ಷದ ಒಬ್ಬ ಹುಡುಗಿ ಮಾತ್ರ ನನ್ನ ಕಡೆ ತಿರುಗಿ ಕೇಳಿದಳು:

“ಕಾಕಾ, ಆ ಕರೇ ಟೊಪ್ಪಿಗಿ ಮನಶ್ಯಾ ಎಲ್ಲಿ ಹ್ವಾದ?”

ಅವಳ ಅಣ್ಣ ನನಗಿಂತ ಮೊದಲೇ ಉತ್ತರ ಕೊಟ್ಟ. “ಅಂವ ಸಣ್ಣವಿದ್ದಾಗ ಬಾಲ್ ಹಿಡದ್ನಲ್ಲ, ಅದಕ್ಕ ದೊಡ್ಡವಾದ ಮ್ಯಾಲ ಹಂಗ ಆಗಲೇ ಇಲ್ಲ.”

“ಹಂಗಂದ್ರ ಸತ್ನೇನು?”

ಅಣ್ಣನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಊರಿಗೆ ಮರಳಿದ ಮೇಲೆ ಚಿತ್ರವನ್ನು ಮತ್ತೆರಡು ಬಾರಿ ನೋಡಿದೆ. ನಗಿಸಲೆಂದೇ ಮಾಡಿದ ಈ ಚಿತ್ರದೊಳಗೆ ಆ ಹುಡುಗಿಯ ಪ್ರಶ್ನೆಗಿಂತ ದೊಡ್ಡ ಕಳವಳವೊಂದು ಅಡಗಿದೆ ಎನಿಸಿತು.

ನೋಡದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಲೂಯಿಸ್ ಹನ್ನೆರಡು ವರ್ಷದ ಅನಾಥ. ಮಳೆಯ ರಾತ್ರಿಯೊಂದರಲ್ಲಿ ತಾಯಿ ಅವನನ್ನು ಅನಾಥಾಲಯದ ಬಾಗಿಲಲ್ಲಿಟ್ಟು ಹೋಗಿದ್ದಾಳೆ. ದತ್ತು ಪಡೆಯಲು ಬಂದ ದಂಪತಿಗಳ ಮುಂದೆ ಅವನು ಕೂತು ಎದ್ದದ್ದು 124 ಬಾರಿ. ಯಾರೂ ಒಪ್ಪಿಲ್ಲ. ತಾಯಿಯ ಮುಖ ನೆನಪಿಗೆ ತರಬೇಕೆಂದು ಆತ ರಾತ್ರಿಯಿಡೀ ಕೂತು ಒಂದು ಯಂತ್ರ ತಯಾರಿಸುತ್ತಾನೆ. ಆಗ ವಿಲ್ಬರ್ ಎಂಬ ಹುಡುಗ 2037ರಿಂದ ಬಂದು ಅವನನ್ನು ಮುಂದಿನ ಕಾಲಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ರಾಬಿನ್ಸನ್‌ರ ದೊಡ್ಡ, ವಿಚಿತ್ರ, ಪ್ರೀತಿಯ ಕುಟುಂಬ. ಕೊನೆಗೆ ತಿಳಿಯುವುದು, ಲೂಯಿಸನೇ ಆ ಮನೆಯ ಯಜಮಾನ, ವಿಲ್ಬರ್‌ನ ತಂದೆ ಎಂದು. ಇದು 1990ರಲ್ಲಿ ಬಂದ ವಿಲಿಯಂ ಜಾಯ್ಸ್ ಅವರ ಮಕ್ಕಳ ಪುಸ್ತಕವೊಂದನ್ನು ಆಧರಿಸಿದ ಚಿತ್ರ. ನಿರ್ದೇಶಕ ಸ್ಟೀಫನ್ ಆಂಡರ್ಸನ್ ಸ್ವತಃ ದತ್ತುಮಗುವಾಗಿ ಬೆಳೆದವರು. ಆದ್ದರಿಂದಲೇ ಇರಬೇಕು, ಅನಾಥಾಲಯದ ದೃಶ್ಯಗಳಲ್ಲಿ ಬೇರೆಡೆ ಕಾಣದ ಒಂದು ಮಿಡಿತವಿದೆ.

ಇಂಥ ಚಿತ್ರಗಳಲ್ಲಿ ಎರಡನೇ ಸಲ ನೋಡುವವರಿಗೆಂದೇ ಕೆಲವು ಗುಟ್ಟುಗಳನ್ನು ಇಟ್ಟಿರುತ್ತಾರೆ. ಲೂಯಿಸ್‌ನ ತಲೆಗೂದಲು ಯಾರಿಗೂ ಕಾಣದಂತೆ ವಿಲ್ಬರ್ ಹಣ್ಣು ತುಂಬಿದ ಟೊಪ್ಪಿಗೆಯನ್ನು ಅವನ ತಲೆಗೆ ಹಾಕುವುದೇಕೆ? ಆ ಕೂದಲು ನೋಡಿದರೆ ಮನೆಯವರಿಗೆ ಯಜಮಾನನ ಗುರುತು ಸಿಕ್ಕಿಬಿಡುತ್ತದೆ. ನನ್ನಪ್ಪ ನೋಡಲು ನಟ ಟಾಮ್ ಸೆಲೆಕ್‌ನಂತೆ ಎಂದು ವಿಲ್ಬರ್ ಬುರುಡೆ ಬಿಡುತ್ತಾನೆ. ಕೊನೆಗೆ ಆ ಅಪ್ಪನಿಗೆ ದನಿ ಕೊಟ್ಟವರು ಟಾಮ್ ಸೆಲೆಕ್ ಅವರೇ! ಅನಾಥ ಹುಡುಗನೆಂದು ತಿಳಿದೊಡನೆ ವಿಲ್ಬರ್‌ನ ತಾಯಿ ಲೂಯಿಸ್‌ನನ್ನು ದತ್ತು ತೆಗೆದುಕೊಳ್ಳಲು ಮುಂದಾಗುತ್ತಾಳೆ. ಆಕೆ ಅವನ ಭಾವೀ ಪತ್ನಿ. ನಗು ಬಂದರೂ ಕಾಲದ ಗಂಟು ಎಷ್ಟು ಸಿಕ್ಕಾಗಿದೆ ಎಂದು ತಿಳಿಯಲು ಇದೊಂದೇ ಸಾಕು.

ಇವು ತಮಾಷೆಯ ಗುಟ್ಟುಗಳು. ನಾನು ಹೇಳಹೊರಟಿರುವುದು ತಮಾಷೆಯಲ್ಲದ ಒಂದರ ಬಗ್ಗೆ.

ಅನಾಥಾಲಯದಲ್ಲಿ ಲೂಯಿಸ್‌ನ ಕೋಣೆಯಲ್ಲೇ ಗೂಬ್ ಎಂಬ ಚಿಕ್ಕ ಹುಡುಗನೂ ಇದ್ದಾನೆ. ಅವನ ಕಣ್ಣುಗಳ ಕೆಳಗೆ ಕಪ್ಪು ಕಟ್ಟಿದೆ. ಲೂಯಿಸ್ ರಾತ್ರಿಯಿಡೀ ಯಂತ್ರ ಬಡಿಯುತ್ತಿದ್ದರೆ ಪಕ್ಕದ ಹಾಸಿಗೆಯವನಿಗೆ ನಿದ್ದೆ ಎಲ್ಲಿಂದ ಬರಬೇಕು? ಮರುದಿನ ಬೇಸ್‌ಬಾಲ್ ಪಂದ್ಯದಲ್ಲಿ ಗೂಬ್ ಮೈದಾನದಲ್ಲೇ ತೂಕಡಿಸುತ್ತಾನೆ, ಸುಲಭದ ಕ್ಯಾಚ್ ಕೈಬಿಡುತ್ತಾನೆ, ತಂಡ ಸೋಲುತ್ತದೆ, ಹುಡುಗರು ಅವನಿಗೆ ಹೊಡೆಯುತ್ತಾರೆ. ಅವನ ಬದುಕು ಅಲ್ಲಿಗೇ ನಿಂತುಬಿಡುತ್ತದೆ. ಕರೇ ಟೊಪ್ಪಿಗೆ ಹಾಕಿಕೊಂಡು ಲೂಯಿಸ್‌ನ ಭವಿಷ್ಯ ಕೆಡಿಸಲು ಬರುವ ಖಳನಾಯಕ ಇದೇ ಗೂಬ್. ಮೊದಲ ಸಲ ನೋಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ಸಲ ನೋಡಿದರೆ ಕಣ್ಣಿನ ಕೆಳಗಿನ ಆ ಕಪ್ಪೇ ಎಲ್ಲವನ್ನೂ ಹೇಳಿಬಿಡುತ್ತದೆ. ಮೂವತ್ತು ವರ್ಷ ಕಳೆದರೂ ಅವನಿಗೆ ನಿದ್ದೆ ಬಂದಿಲ್ಲ.

ಚಿತ್ರ ಇಲ್ಲಿ ಬಹಳ ಜಾಣತನದಿಂದ ಪಾರಾಗುತ್ತದೆ. ಗೂಬ್‌ನ ಹಿಂದಿನ ಕತೆ ಬರುವಾಗ ಶಾಲೆಯ ಮಕ್ಕಳು ಅವನನ್ನು ನಗುತ್ತ ಮಾತಾಡಿಸುತ್ತಾರೆ, ಮನೆಗೆ ಬಾ ಎಂದು ಕರೆಯುತ್ತಾರೆ. ಅವನು ಮಾತ್ರ ಎಲ್ಲರೂ ನನ್ನನ್ನು ದ್ವೇಷಿಸುತ್ತಿದ್ದರು ಎನ್ನುತ್ತಾನೆ. ಪ್ರೇಕ್ಷಕರು ಗೊಳ್ಳೆಂದು ನಗುತ್ತಾರೆ. ಕಹಿಯನ್ನು ನೀನೇ ಕಟ್ಟಿಕೊಂಡೆಯಲ್ಲ ಮಾರಾಯಾ ಎಂಬುದು ಆ ನಗುವಿನ ಅರ್ಥ. ಇರಬಹುದು. ಆದರೆ ಅದೇ ಹಿನ್ನೋಟದಲ್ಲಿ ಇನ್ನೊಂದು ಸಂಗತಿಯೂ ಇದೆ, ಅದಕ್ಕೆ ಯಾರೂ ನಗುವುದಿಲ್ಲ. ಗೂಬ್‌ನನ್ನು ಯಾರೂ ದತ್ತು ಪಡೆಯಲಿಲ್ಲ. ಅನಾಥಾಲಯ ಮುಚ್ಚಿದ ಮೇಲೂ ಅವನು ಅದೇ ಕೋಣೆಯಲ್ಲಿ ಉಳಿದ. ಅದೇ ಕಾಲದಲ್ಲಿ ಲೂಯಿಸ್ ದೊಡ್ಡ ಸಂಶೋಧಕನಾದ, ಕಾರ್ಖಾನೆ ಕಟ್ಟಿದ, ಅರಮನೆಯಂಥ ಮನೆ ಕಟ್ಟಿದ. ಪಕ್ಕದ ಹಾಸಿಗೆಯ ಹುಡುಗ ಏನಾದ ಎಂದು ಅವನು ಒಮ್ಮೆಯಾದರೂ ವಿಚಾರಿಸಿದನೇ? ಚಿತ್ರದಲ್ಲಿ ಅಂಥ ದೃಶ್ಯವೇ ಇಲ್ಲ. ಹಳೆಯ ಕೋಣೆಯ ಬಾಗಿಲು ತಟ್ಟಲು ಕಾಲಯಂತ್ರ ಬೇಕಿರಲಿಲ್ಲ.

ಕೊನೆಗೆ ಲೂಯಿಸ್‌ಗೆ ಅರಿವಾಗುತ್ತದೆ, ನಿಜ. ಟೊಪ್ಪಿಗೆಯ ಮನುಷ್ಯನನ್ನೂ ಕುಟುಂಬಕ್ಕೆ ಸೇರಿಸಿಕೊಳ್ಳಿ ಎನ್ನುತ್ತಾನೆ. ವಿಲ್ಬರ್ ಹುಡುಕಿದರೆ ಆತ ನಾಚಿಕೆಯಿಂದ ಹೊರಟು ಹೋಗಿರುತ್ತಾನೆ. ಲೂಯಿಸ್ ತನ್ನ ಕಾಲಕ್ಕೆ ಮರಳಿ ಗೂಬ್‌ನನ್ನು ಎಬ್ಬಿಸುತ್ತಾನೆ, ಗೂಬ್ ಚೆಂಡು ಹಿಡಿಯುತ್ತಾನೆ. ಚಪ್ಪಾಳೆ. ಇನ್ನು ಮುಂದೆ ಆ ಹುಡುಗ ಸುಖವಾಗಿರುತ್ತಾನೆ. ಆದರೆ ಮೂವತ್ತು ವರ್ಷ ನೊಂದವನು? ಅವನಿಗೆ ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಊಟಕ್ಕೆ ಕೂರಿಸಲಿಲ್ಲ. ಅವನನ್ನು ಇಲ್ಲವಾಗಿಸಿ ಅನ್ಯಾಯವನ್ನು ಸರಿಪಡಿಸಲಾಯಿತು. ಅವನ ತಲೆಯ ಮೇಲಿದ್ದ ಯಂತ್ರದ ಟೊಪ್ಪಿಗೆ ‘ಡೋರಿಸ್’ನ ಗತಿಯೂ ಅದೇ. ನಿನ್ನನ್ನು ನಾನು ಯಾವತ್ತೂ ತಯಾರಿಸುವುದಿಲ್ಲ ಎಂದು ಲೂಯಿಸ್ ಹೇಳಿದೊಡನೆ ಅದು ಗಾಳಿಯಲ್ಲಿ ಕರಗುತ್ತದೆ. ಡೋರಿಸ್ ದುಷ್ಟ ಯಂತ್ರ, ಹೋಗಲಿ ಎನ್ನಬಹುದು. ಗೂಬ್ ಯಂತ್ರವಲ್ಲ.

ಆ ಸಂಜೆ ಸಂಗೊಳ್ಳಿಯ ಮಕ್ಕಳಿಗೆ ನಾನೊಂದು ಪ್ರಶ್ನೆ ಹಾಕಿದ್ದೆ, ಅಂಥ ಬಂಡಿ ನಿಮಗೆ ಸಿಕ್ಕರೆ ಎಲ್ಲಿಗೆ ಹೋಗುತ್ತೀರಿ ಎಂದು. ಬೇರೆ ಊರಾದರೆ ಹತ್ತು ಉತ್ತರ ಬರುತ್ತಿದ್ದವು. ಇಲ್ಲಿ ಬಂದದ್ದು ಒಂದೇ. ಹಳ್ಳದ ದಂಡೆಗೆ ಹೋಗಿ ರಾಯಣ್ಣನಿಗೆ “ಕತ್ತಿ ಕೆಳಗ ಇಡಬ್ಯಾಡೋ” ಅಂತ ಕೂಗಿ ಹೇಳುತ್ತಾರಂತೆ. ಮೀಯಲು ಇಳಿದಾಗ ಕೈಯಲ್ಲಿ ಕತ್ತಿ ಇಲ್ಲದ ಹೊತ್ತು ನೋಡಿ ಅವನನ್ನು ಹಿಡಿದರು ಎಂದು ಲಾವಣಿ, ನಾಟಕಗಳನ್ನು ಕೇಳಿ ಬೆಳೆದ ಮಕ್ಕಳು ಅವರು. ರಾಯಣ್ಣ ಸೆರೆಯಾದದ್ದು 1830ರ ಏಪ್ರಿಲ್‌ನಲ್ಲಿ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಅವನು ಹೋರಾಡಿದ್ದು ಯಾರಿಗಾಗಿ? ಇಲ್ಲೇ ಆ ಚಿತ್ರ ನನಗೆ ಮತ್ತೆ ನೆನಪಾದದ್ದು. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಸಂಸ್ಥಾನಕ್ಕೆ ಉಳಿದದ್ದು ದತ್ತುಮಗ ಶಿವಲಿಂಗಪ್ಪ. ಧಾರವಾಡದಲ್ಲಿದ್ದ ಕಲೆಕ್ಟರ್ ಥ್ಯಾಕರೆ ಆ ದತ್ತುವನ್ನು ಒಪ್ಪಲಿಲ್ಲ. ದತ್ತುಮಕ್ಕಳಿಗೆ ಹಕ್ಕಿಲ್ಲವೆನ್ನುವ ಡಾಲ್‌ಹೌಸಿಯ ನೀತಿ ಬರಲು ಇನ್ನೂ ಇಪ್ಪತ್ತು ವರ್ಷಕ್ಕೂ ಮೇಲೆ ಬಾಕಿಯಿತ್ತು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ರಾಯಣ್ಣ ಮತ್ತೆ ಕತ್ತಿ ಎತ್ತಿದ್ದು ಅದೇ ದತ್ತುಮಗನನ್ನು ಗದ್ದುಗೆಯ ಮೇಲೆ ಕೂರಿಸಲು. ಈ ಮಗು ನಮ್ಮದೆಂದು ಒಂದು ಮನೆ ಹೇಳಿದ ಮೇಲೆ ಅಲ್ಲವೆನ್ನಲು ನೀನ್ಯಾರು ಎಂಬ ಜಗಳವಿದು. ಇಷ್ಟಾಗಿಯೂ ನಮ್ಮ ಸಿನಿಮಾ, ನಾಟಕಗಳಲ್ಲಿ ರಾಣಿಗೆ ಕುದುರೆಯಿದೆ, ರಾಯಣ್ಣನಿಗೆ ಕತ್ತಿಯಿದೆ. ಶಿವಲಿಂಗಪ್ಪ ಯಾರದೋ ಬೆನ್ನಹಿಂದೆ ನಿಂತ ಹುಡುಗ ಅಷ್ಟೇ. ಪ್ರತಿ ಕತೆಯಲ್ಲೂ ಒಬ್ಬ ಗೂಬ್ ಇರುತ್ತಾನೇನೋ.

ಮಕ್ಕಳ ಬಂಡಿ ನಿಜವಾಗಿಯೂ ಹಳ್ಳದ ದಂಡೆ ಮುಟ್ಟಿತು ಎಂದುಕೊಳ್ಳೋಣ. ರಾಯಣ್ಣ ಬದುಕಿದ. ಆಗ ನಂದಗಡದಲ್ಲಿ ಅವನ ಸಮಾಧಿಯಿಲ್ಲ, ಸಮಾಧಿಯ ಬಳಿಯ ಆಲದ ಮರವೂ ನಮಗೆ ತಿಳಿದ ಆ ಮರವಲ್ಲ. ಮಕ್ಕಳಿಲ್ಲದವರು ಬಂದು ಆ ಮರಕ್ಕೆ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಆ ನಂಬಿಕೆಯ ಸರಿತಪ್ಪು ನನ್ನ ವಿಷಯವಲ್ಲ. ನೋವೊಂದನ್ನು ಹಿಂದಕ್ಕೆ ಹೋಗಿ ಅಳಿಸಿದರೆ ಆ ನೋವಿನ ಸುತ್ತ ಬೆಳೆದ ಎಷ್ಟು ತೊಟ್ಟಿಲುಗಳು ಅದರೊಂದಿಗೆ ಹೋಗುತ್ತವೆ ಎಂಬ ಲೆಕ್ಕವನ್ನು ಡಿಸ್ನಿಯವರು ಹಾಕಿಲ್ಲ.

ಹಾಕಿಲ್ಲ ಎಂದರೆ ಪೂರ್ತಿ ನಿಜವಾಗಲಾರದು. ಚಿತ್ರದ ಅತ್ಯುತ್ತಮ ದೃಶ್ಯದಲ್ಲಿ ಆ ಲೆಕ್ಕ ಇದೆ. ವಿಲ್ಬರ್ ಲೂಯಿಸ್‌ನನ್ನು ಮಳೆಯ ಆ ರಾತ್ರಿಗೇ ಕರೆದೊಯ್ಯುತ್ತಾನೆ. ತಾಯಿ ಕೈಗೆಟುಕುವಷ್ಟು ದೂರದಲ್ಲಿ ನಿಂತಿದ್ದಾಳೆ. ಅವನು ಕೈ ಚಾಚುತ್ತಾನೆ, ಮತ್ತೆ ಹಿಂದೆಗೆಯುತ್ತಾನೆ. ಅವಳನ್ನು ಹೋಗಗೊಡುತ್ತಾನೆ. ಅವಳ ಮುಖ ನಮಗೆ ಕೊನೆಯ ತನಕ ಕಾಣುವುದಿಲ್ಲ. ದೃಶ್ಯ ಎಷ್ಟು ಸಂಯಮದ್ದೆಂದರೆ ನಾನು ಮೂರು ಸಲವೂ ಕಣ್ಣೊರೆಸಿಕೊಂಡೆ. ನಂತರ ಯೋಚಿಸಿದೆ: ಲೂಯಿಸ್ ಇಷ್ಟು ಸುಲಭವಾಗಿ ಹಿಂದನ್ನು ಬಿಡಬಲ್ಲನಾದದ್ದು ಮುಂದನ್ನು ಕಣ್ಣಾರೆ ಕಂಡದ್ದರಿಂದ. 2037ರ ತನ್ನ ಮನೆ, ಮಡದಿ, ಮಗ ಎಲ್ಲವನ್ನೂ ನೋಡಿ ಬಂದವನು ಅವನು. ಹಿಂದೆ ನೋಡದೆ ಮುಂದೆ ನಡೆ ಎಂಬ ಚಿತ್ರದ ಧ್ಯೇಯವಾಕ್ಯ ಅಂಥವನ ಬಾಯಲ್ಲಿ ಸಲೀಸು. ಗೂಬ್‌ಗೆ ಯಾರೂ ಏನನ್ನೂ ತೋರಿಸಲಿಲ್ಲ. ನಮ್ಮ ಅನಾಥಾಲಯಗಳ ಮಕ್ಕಳಿಗೂ ಯಾರೂ ತೋರಿಸುವುದಿಲ್ಲ.

ಮತ್ತೊಂದು ಅಂಶ ಬಹಳ ಮಂದಿಯ ಕಣ್ಣಿಗೆ ಬೀಳದು. ದತ್ತು ಪಡೆದ ದಂಪತಿ ಲೂಯಿಸ್‌ನ ಹೆಸರನ್ನೇ ಬದಲಿಸುತ್ತಾರೆ. ಇನ್ನು ಮುಂದೆ ಅವನು ಕಾರ್ನೀಲಿಯಸ್. ಅಲ್ಲಿ ಅದೊಂದು ಚಿಕ್ಕ ತಮಾಷೆ. ಪ್ರವಾದಿ(ಸ) ಸಾಕಿದ ಝೈದ್‌ರ ವೃತ್ತಾಂತ ಬಲ್ಲವರಿಗೆ ಅದು ಚಿಕ್ಕದಲ್ಲ. ಜನ ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದು ಕರೆಯುತ್ತಿದ್ದರು. ಸಾಕುಮಕ್ಕಳನ್ನು ಅವರ ಸ್ವಂತ ತಂದೆಯ ಹೆಸರಿನೊಂದಿಗೇ ಕರೆಯಬೇಕೆಂಬ ಕುರ್‌ಆನ್‌ನ ಆದೇಶ ಬಂದ ಬಳಿಕ ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಅವರ ಮೇಲಿನ ಪ್ರೀತಿ ಇದರಿಂದ ಕುಂದಲಿಲ್ಲ. ಹುಟ್ಟಿದ ಮನೆಯ ಗುರುತು ಮಾತ್ರ ಉಳಿಯಿತು. ನಮ್ಮ ದೇಶದಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಬಯಸುವ ಯಾರೇ ಆದರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು, ವೈಯಕ್ತಿಕ ಕಾನೂನು ಅದಕ್ಕೆ ಅಡ್ಡಿಯಲ್ಲ, ಒಲ್ಲದವರಿಗೆ ಒತ್ತಾಯವೂ ಇಲ್ಲ ಎಂದು ಹೇಳಿತು. ಅದರ ಪರ ವಿರೋಧ ನಮ್ಮಲ್ಲಿ ಸಾಕಷ್ಟು ಚರ್ಚೆಯಾಯಿತು. ಆ ಚರ್ಚೆಗಳಲ್ಲಿ ಮಗುವಿನ ಹಳೆಯ ಹೆಸರಿನ ಪ್ರಸ್ತಾಪ ನನಗೆ ಕೇಳಿದ ನೆನಪಿಲ್ಲ.

ಸಂಗೊಳ್ಳಿಯ ಸ್ನೇಹಿತರು ಮೊನ್ನೆ ಫೋನ್ ಮಾಡಿದ್ದರು. ಮಕ್ಕಳು ಅದೇ ಚಿತ್ರವನ್ನು ಮತ್ತೆ ಹಾಕಿಕೊಂಡು ನೋಡಿದರಂತೆ. ಟೊಪ್ಪಿಗೆಯ ಮನುಷ್ಯ ಕಾಣೆಯಾಗುವ ತನಕ ಕೂತಿದ್ದ ಆ ಹುಡುಗಿ, ಅಲ್ಲಿಗೆ ಎದ್ದು ಹೊರಗೆ ಆಡಲು ಹೋದಳಂತೆ.